ಸರ್ಕ್ಯುಲರ್ ಬಂತು, ಈಗ ಹಡಗಿನಲ್ಲಿ ಏನು ಬದಲಾಗಬೇಕು?

ಎಂಜಿನ್ ರೂಮ್ ಬಿಟ್ಟು ದಡದ ಆಫೀಸಿಗೆ ಬಂದ ಹೊಸದರಲ್ಲಿ, ಹೊಸ ನಿಯಮದ ಸರ್ಕ್ಯುಲರನ್ನು ಹಡಗಿಗೆ ಫಾರ್ವರ್ಡ್ ಮಾಡಿದರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಬ್ಯಾಲಾಸ್ಟ್ ವಾಟರ್ (ಹಡಗಿನ ಸಮತೋಲನಕ್ಕೆ ಟ್ಯಾಂಕಿಗೆ ತುಂಬುವ ನೀರು) ರೆಕಾರ್ಡ್ ಬುಕ್ಕಿನ ನಮೂನೆ 2025ರ ಫೆಬ್ರವರಿ 1ರಿಂದ ಬದಲಾಗುತ್ತದೆ ಅಂತ ಹಡಗಿಗೆ ಮೇಲ್ ಹಾಕಿದೆ, ಕ್ಯಾಪ್ಟನ್ ‘ನೋಟೆಡ್’ ಅಂದರು, ಹೊಸ ಪುಸ್ತಕವನ್ನೂ ಕಳಿಸಿಕೊಟ್ಟೆ. ಮಾರ್ಚಿನಲ್ಲಿ ಒಂದು ಬಂದರಿನಲ್ಲಿ ಪಿಎಸ್‌ಸಿ (ಬಂದರಿನ ದೇಶದವರು ಮಾಡುವ ತಪಾಸಣೆ) ಇನ್‌ಸ್ಪೆಕ್ಟರ್ ಹಡಗು ಹತ್ತಿ ನೋಡಿದರೆ ಹೊಸ ಪುಸ್ತಕ ಪ್ಲಾಸ್ಟಿಕ್ ಕವರ್ ಸಮೇತ ಕಪಾಟಿನಲ್ಲಿದೆ. ಚೀಫ್ ಆಫೀಸರ್ ಹಳೆಯದರಲ್ಲೇ ಬರೆಯುತ್ತಿದ್ದರು. ಅವರು ಹಡಗಿಗೆ ಬಂದು ಆಗ ಬರೀ ಮೂರು ವಾರ. ನನ್ನ ಮೇಲ್ ಹೋಗಿದ್ದು ಅವರಿಗಿಂತ ಮುಂಚೆ ಇದ್ದವರಿಗೆ.

ಆಮೇಲೆ ನಾನು ರೂಢಿ ಮಾಡಿಕೊಂಡದ್ದನ್ನು ಹೇಳುತ್ತೇನೆ.

ಮೊದಲು ತಾರೀಕಿನ ಪಟ್ಟಿ. ಸೋಲಾಸ್ (ಹಡಗಿನ ಸುರಕ್ಷತೆ), ಮಾರ್ಪೋಲ್ (ಸಮುದ್ರ ಮಾಲಿನ್ಯ ತಡೆ) ಒಪ್ಪಂದಗಳ ತಿದ್ದುಪಡಿಗಳು ರಾತ್ರೋರಾತ್ರಿ ಬರುವುದಿಲ್ಲ. ಲಂಡನ್ನಿನ ಐಎಂಒ (ವಿಶ್ವಸಂಸ್ಥೆಯ ಹಡಗು ಸಂಸ್ಥೆ) ಸಭೆಯಲ್ಲಿ ಅಂಗೀಕಾರವಾದ ಮೇಲೆ ಜಾರಿಗೆ ಬರಲು ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇರುತ್ತದೆ. ಅದರ ಜೊತೆಗೆ ಮುಂಬೈನ ಡಿಜಿ ಶಿಪ್ಪಿಂಗ್ (ಕೇಂದ್ರ ಸರ್ಕಾರದ ಹಡಗು ಇಲಾಖೆ) ಆದೇಶ, ಹಡಗಿನ ಗುಣಮಟ್ಟ ಪ್ರಮಾಣೀಕರಿಸುವ ಐಆರ್‌ಎಸ್‌ನಂಥ ಕ್ಲಾಸ್ ಸಂಸ್ಥೆಯ ಸೂಚನೆ, ಹೋಗುವ ಬಂದರಿನ ಸ್ಥಳೀಯ ನಿಯಮ. ಎಲ್ಲವೂ ಒಂದೇ ಎಕ್ಸೆಲ್ ಶೀಟಿನಲ್ಲಿರಲಿ. ಹತ್ತು ಕಡೆ ಇದ್ದರೆ ಯಾರೂ ನೋಡುವುದಿಲ್ಲ, ನೀವೂ ಸೇರಿ.

ತಾರೀಕನ್ನು ಮಾತ್ರ ಎರಡು ಸಲ ಓದಿ. ಬೆಂಕಿ ಆರಿಸುವ ನೊರೆಯಲ್ಲಿ ಪಿಎಫ್‌ಒಎಸ್ ರಾಸಾಯನಿಕ ಇರಬಾರದು ಅನ್ನುವ ನಿಯಮ 2026ರ ಜನವರಿ 1ರದ್ದು. ಆದರೆ ಹಳೆಯ ಹಡಗಿಗೆ ಆ ದಿನದ ನಂತರ ಬರುವ ಮೊದಲ ಸರ್ವೇವರೆಗೆ (ಹಡಗಿನ ನಿಗದಿತ ತಪಾಸಣೆ) ಸಮಯ ಇದೆ. ನಿಮ್ಮ ಸರ್ವೇ ಜನವರಿಯಲ್ಲೋ ಅಕ್ಟೋಬರಿನಲ್ಲೋ ನೋಡಿಕೊಳ್ಳಿ, ನೊರೆಯಲ್ಲಿ ಅದು ಇಲ್ಲ ಅನ್ನುವ ತಯಾರಕರ ಪತ್ರವನ್ನೋ ಲ್ಯಾಬ್ ವರದಿಯನ್ನೋ ಈಗಲೇ ತರಿಸಿ. ‘ನಮ್ಮದು ಚಿಕ್ಕ ಹಡಗು’ ಅನ್ನುವ ಧೈರ್ಯವೂ ಬೇಡ. ಗಾರ್ಬೇಜ್ ರೆಕಾರ್ಡ್ ಬುಕ್ (ಕಸದ ಲೆಕ್ಕದ ಪುಸ್ತಕ) ಮೊದಲು 400 ಟನ್ನೇಜಿನಿಂದ ಮೇಲಿನವರಿಗಿತ್ತು, 2024ರ ಮೇ 1ರಿಂದ ಬೇರೆ ದೇಶದ ಬಂದರಿಗೆ ಹೋಗುವ 100 ಟನ್ನೇಜಿನ ಹಡಗಿಗೂ ಬಂದಿದೆ.

ಇನ್ನು ನಿಯಮವನ್ನು ಕೆಲಸವಾಗಿ ಬದಲಾಯಿಸುವುದು. ಇಂಧನದ್ದೇ ನೋಡೋಣ. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರದಲ್ಲಿ ಗಂಧಕ 0.10 ಶೇಕಡಾ ಮೀರಬಾರದು. ಇಂಗ್ಲಿಷ್ ಚಾನಲ್‌ನಂಥ ಕೆಲವು ಕಡೆ ಇದೇ ಮಿತಿ ಮುಂಚೆಯೇ ಇತ್ತು, ಉಳಿದ ಸಮುದ್ರಗಳಲ್ಲಿ 2020ರಿಂದ ಇರುವ ಮಿತಿ 0.50. ಸ್ಕ್ರಬ್ಬರ್ (ಹೊಗೆಯಿಂದ ಗಂಧಕ ತೆಗೆಯುವ ಯಂತ್ರ) ಇಲ್ಲದ ಹಡಗು ನವಮಂಗಳೂರಿನಿಂದ ಸೂಯೆಜ್ ಮೂಲಕ ಯುರೋಪಿಗೆ ಹೊರಟರೆ, ಮುಂಚೆ ಇಂಗ್ಲಿಷ್ ಚಾನಲ್ ಹತ್ತಿರ ಮಾಡುತ್ತಿದ್ದ ಚೇಂಜ್‌ಓವರ್ (ಕಡಿಮೆ ಗಂಧಕದ ಎಣ್ಣೆಗೆ ಬದಲಾಗುವುದು) ಈಗ ಮೆಡಿಟರೇನಿಯನ್‌ಗೆ ಇಳಿಯುವ ಮೊದಲೇ ಮುಗಿದಿರಬೇಕು. ವಾಲ್ವ್ ತಿರುಗಿಸಿದರೆ ಆಯ್ತಲ್ಲ ಅನ್ನಬೇಡಿ. ಪೈಪಿನಲ್ಲಿ, ಸರ್ವಿಸ್ ಟ್ಯಾಂಕಿನಲ್ಲಿ ಉಳಿದ ಹಳೆಯ ಎಣ್ಣೆ ತೊಳೆದು ಹೋಗಲು ಗಂಟೆಗಟ್ಟಲೆ ಬೇಕು. ಬಿಸಿ ಎಣ್ಣೆಯಿಂದ ತಣ್ಣನೆಯ ಗ್ಯಾಸ್ ಆಯಿಲ್‌ಗೆ ಆತುರದಲ್ಲಿ ಹೋದರೆ ಫ್ಯುಯೆಲ್ ಪಂಪ್ ಹಿಡಿದುಕೊಳ್ಳುತ್ತದೆ. ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ತಾಪಮಾನ ಬದಲಾಗಬಾರದು ಅನ್ನುವುದು ಎಂಜಿನ್ ರೂಮಿನವರೆಲ್ಲ ಬಲ್ಲ ಲೆಕ್ಕ. ನಿಮ್ಮ ಹಡಗಿನ ಟ್ಯಾಂಕಿನ ಅಳತೆ ಹಾಕಿ ಗಂಟೆ ಲೆಕ್ಕ ಮಾಡಿಸಿ, ಬೇರೆ ಹಡಗಿನ ಪ್ರೊಸೀಜರ್ ಕಾಪಿ ಹೊಡೆಯಬೇಡಿ. ಬದಲಾವಣೆ ಮುಗಿದ ಸಮಯ, ಹಡಗು ಎಲ್ಲಿತ್ತು, ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇತ್ತು, ಇಷ್ಟೂ ಲಾಗ್ ಬುಕ್ಕಿನಲ್ಲಿ ಇರಬೇಕು. ಬಂಕರ್ ಡೆಲಿವರಿ ನೋಟ್ (ಇಂಧನ ತುಂಬಿಸಿದವರು ಕೊಡುವ ಚೀಟಿ) ಮೂರು ವರ್ಷ ಜೋಪಾನ. ಆ ಎಣ್ಣೆಯ ಸ್ಯಾಂಪಲ್ ಬಾಟಲಿ ಕನಿಷ್ಠ ಒಂದು ವರ್ಷ, ಎಣ್ಣೆ ಅಷ್ಟರೊಳಗೆ ಮುಗಿಯದಿದ್ದರೆ ಮುಗಿಯುವವರೆಗೆ.

ಬ್ಯಾಲಾಸ್ಟ್ ಇನ್ನೂ ತಲೆನೋವು. 2024ರ ಸೆಪ್ಟೆಂಬರ್ 8ರಿಂದ ನೀರನ್ನು ನಡುಸಮುದ್ರದಲ್ಲಿ ಬದಲಾಯಿಸಿದರೆ ಸಾಲದು, ಜೀವಿಗಳನ್ನು ಕೊಲ್ಲುವ ಮಟ್ಟಕ್ಕೆ ಶುದ್ಧ ಮಾಡಬೇಕು. ಅದಕ್ಕೆ ಬಹುತೇಕ ಎಲ್ಲರೂ ಯಂತ್ರ ಕೂರಿಸಿದ್ದಾರೆ. ಹಲ್ದಿಯಾದಂಥ ಕೆಸರು ನೀರಿನ ನದಿ ಬಂದರಿನಲ್ಲಿ ಫಿಲ್ಟರ್ ಕಟ್ಟಿಕೊಂಡಾಗ ಏನು ಮಾಡುತ್ತೀರಿ? ಕಾರ್ಗೋ ಇಳಿಯುತ್ತಿದೆ, ಬ್ಯಾಲಾಸ್ಟ್ ಹಿಡಿಯಲೇಬೇಕು, ಯಾರೋ ಸುಮ್ನೆ ಯಂತ್ರ ತಪ್ಪಿಸುವ ಬೈಪಾಸ್ ತೆರೆದುಬಿಡುತ್ತಾರೆ. ಬೈಪಾಸ್ ಕೊನೆಯ ದಾರಿ ಅಂತ ಐಎಂಒ 2024ರ ಮಾರ್ಗಸೂಚಿಯಲ್ಲೇ ಇದೆ. ಮೊದಲು ಪಂಪಿನ ವೇಗ ಇಳಿಸಿ, ಫಿಲ್ಟರ್ ಬ್ಯಾಕ್‌ಫ್ಲಶ್ ಮಾಡಿ (ನೀರು ಹಿಮ್ಮುಖ ಹಾಯಿಸಿ ತೊಳೆಯಿರಿ). ಆದರೂ ಆಗದಿದ್ದರೆ ಆಫೀಸಿಗೆ, ಫ್ಲ್ಯಾಗಿಗೆ (ಹಡಗು ನೋಂದಣಿಯಾದ ದೇಶಕ್ಕೆ), ಮುಂದಿನ ಬಂದರಿಗೆ ತಿಳಿಸಿ, ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಆಳದ ಸಮುದ್ರದಲ್ಲಿ ಆ ನೀರು ಹೊರಹಾಕಿ, ಟ್ಯಾಂಕ್ ತೊಳೆದು, ಹೊಸ ನೀರನ್ನು ಯಂತ್ರದ ಮೂಲಕವೇ ತುಂಬಿ. ಈ ಕ್ರಮ ಬ್ಯಾಲಾಸ್ಟ್ ಪ್ಲಾನಿನಲ್ಲಿ ಮೊದಲೇ ಬರೆದಿದ್ದರೆ ರಾತ್ರಿ ಎರಡು ಗಂಟೆಗೆ ಯಾರೂ ಗಾಬರಿಯಾಗುವುದಿಲ್ಲ.

ಬರೆಯುವ ವಿಷಯ ಬಂದಿತಲ್ಲ, ಒಂದು ಮಾತು. ಆದ ತಪ್ಪನ್ನು ಬರೆದರೆ ಮಾತು ಕೇಳಬೇಕಾಗಬಹುದು, ಸುಳ್ಳು ಬರೆದರೆ ಜೈಲು. ಬಿಲ್ಜ್ ನೀರನ್ನು (ಹಡಗಿನ ತಳದಲ್ಲಿ ಸೇರುವ ಎಣ್ಣೆ ಬೆರೆತ ನೀರು) ಎಣ್ಣೆ ಬೇರ್ಪಡಿಸುವ ಸೆಪರೇಟರ್ ತಪ್ಪಿಸಿ ಕಳ್ಳ ಪೈಪಿನಿಂದ ಸಮುದ್ರಕ್ಕೆ ಬಿಟ್ಟು ಮುಚ್ಚಿಟ್ಟ ಪ್ರಕರಣದಲ್ಲಿ ಪ್ರಿನ್ಸೆಸ್ ಕ್ರೂಸಸ್ ಕಂಪನಿ 2016ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ಒಪ್ಪಿಕೊಂಡಿತು. ವಿಷಯ ಬಯಲು ಮಾಡಿದ್ದು ಹಡಗಿನ ಒಬ್ಬ ಎಂಜಿನಿಯರ್. ಆಯಿಲ್ ರೆಕಾರ್ಡ್ ಬುಕ್, ಟ್ಯಾಂಕ್ ಸೌಂಡಿಂಗ್ (ಟ್ಯಾಂಕಿನ ಮಟ್ಟದ ಅಳತೆ), ಸೆಪರೇಟರಿನ ಮೆಮೊರಿ, ಈ ಮೂರನ್ನೂ ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಇನ್‌ಸ್ಪೆಕ್ಟರ್ ಮಾಡುವುದೂ ಅದನ್ನೇ.

ಕಾರ್ಬನ್ ರೇಟಿಂಗ್ (ಹಡಗಿನ ಇಂಗಾಲದ ಹೊಗೆಗೆ ವರ್ಷಕ್ಕೊಮ್ಮೆ ‘ಎ’ಯಿಂದ ‘ಇ’ವರೆಗೆ ಕೊಡುವ ದರ್ಜೆ) ಬಗ್ಗೆ ಚಿಕ್ಕದಾಗಿ: ಒಂದು ವರ್ಷ ‘ಇ’ ಅಥವಾ ಸತತ ಮೂರು ವರ್ಷ ‘ಡಿ’ ಬಂದರೆ ಸರಿಪಡಿಸುವ ಯೋಜನೆ ಕೊಡಬೇಕು. ಹಾಗಾಗಿ ಡಿಸೆಂಬರ್ ತನಕ ಕಾಯದೆ ತಿಂಗಳಿಗೊಮ್ಮೆ ಅಂಕಿ ನೋಡಿ.

ಇಷ್ಟಾದ ಮೇಲೆ ಫೋನ್ ಮಾಡಿ. ಕ್ಯಾಪ್ಟನ್ನಿಗಲ್ಲ, ಕೆಲಸ ಮಾಡುವವರಿಗೆ. ‘ಹೊಸ ಪುಸ್ತಕ ಬಂತಾ?’ ಅಂದರೆ ‘ಬಂತು ಸರ್’ ಅನ್ನುತ್ತಾರೆ, ಅಲ್ವಾ? ಅದರ ಬದಲು ‘ನಿನ್ನೆಯ ಎಂಟ್ರಿ ಫೋಟೊ ತೆಗೆದು ಕಳಿಸಿ’ ಅನ್ನಿ. ಹೊಸ ನಿಯಮದ ಸಾಲನ್ನು ಹ್ಯಾಂಡೋವರ್ ನೋಟಿನಲ್ಲೂ ಸೇರಿಸಿ. ನಾಲ್ಕು ತಿಂಗಳಿಗೆ ಜನ ಬದಲಾಗುತ್ತಾರೆ, ಹೊಸಬರು ಸೈನ್ ಆನ್ ಆದ ವಾರ ಇದೇ ಫೋನ್ ಮತ್ತೆ ಮಾಡಬೇಕು.