ಚಾವಡಿಯ ಹೆಂಚಿನ ನೆಲ ಮತ್ತೆ ಕೆಂಪಾಯಿತು: ನನ್ನ ಅನುಭವ

ಎಲ್ಲ ಕಿತ್ತು ಗ್ರಾನೈಟ್ ಹಾಕಿಬಿಡು ಅಂತ ಭಾವ ಹೇಳಿದ್ದರು. ಮೇಸ್ತ್ರಿಯೂ ಅದನ್ನೇ ಹೇಳಿದ್ದ. ನಾನು ಕೀಳದೆ ನೆಲ ಸರಿ ಮಾಡಿದೆ, ಆಮೇಲೆ ಎರಡು ಮಳೆಗಾಲ ಕಳೆಯಿತು. ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರದ ನಮ್ಮ ಹಳೇ ಮನೆಯ ಚಾವಡಿ ಈಗಲೂ ಕೆಂಪಾಗಿಯೇ ಇದೆ, ಒಂದು ಹೆಂಚೂ ಬದಲಾಯಿಸಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನೆಲ ಕೆಟ್ಟದ್ದು ಸೀಲರ್‌ನಿಂದ, ಅಂದರೆ ಹೆಂಚಿನ ಮೇಲೆ ಮುಚ್ಚಳದ ಹಾಗೆ ಕೂರುವ ಲೇಪದಿಂದ. ಆರೇಳು ವರ್ಷದ ಹಿಂದೆ ಪೈಂಟಿನವರು ಹೊಳಪು ಬರುತ್ತದೆ ಅಂತ ಎರಡು ಕೋಟ್ ಅಕ್ರಿಲಿಕ್ ಹೊಡೆದು ಹೋಗಿದ್ದರು. ಆಟಿ ತಿಂಗಳ ಮಳೆ ಹಿಡಿದದ್ದೇ ತಡ, ಒಳಗಿನಿಂದ ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ. ಮರುವರ್ಷ ಸಿಪ್ಪೆ ಏಳತೊಡಗಿತು. ಬಾಗಿಲ ಹತ್ತಿರ ಸಡಿಲವಾಗಿದ್ದ ಒಂದು ಹೆಂಚು ಎತ್ತಿ ನೋಡಿದೆ. ಅಡಿಯಲ್ಲಿ ಮರಳು, ಸುಣ್ಣದ ಗಾರೆ, ಅಷ್ಟೇ. ಕ್ರೈಸ್ತ ಪಾದ್ರಿಗಳ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಸುಡಲು ಶುರು ಮಾಡಿದ ಮೇಲೆ ನಮ್ಮ ಕಡೆ ಇಂಥ ನೆಲ ಎಷ್ಟೋ ಮನೆಗೆ ಬಂತು, ಎಲ್ಲೂ ತೇವ ತಡೆಯುವ ಪದರ ಇರಲಿಲ್ಲ. ಕೆಳಗಿನ ತೇವ ಹೆಂಚಿನ ಮೂಲಕವೇ ಆರಬೇಕು. ಮೇಲೆ ಮುಚ್ಚಳ ಹಾಕಿದರೆ ಅದು ಎಲ್ಲಿಗೆ ಹೋಗಬೇಕು?

ಸೀಲರ್ ತೆಗೆಯಲು ಮೊದಲು ಟಾಯ್ಲೆಟ್ ಆಸಿಡ್ ಹಾಕಿದೆ. ಸೀಲರ್ ಅಲುಗಲಿಲ್ಲ, ಸಂದಿನ ಸುಣ್ಣ ಬುಸಬುಸ ನೊರೆ ಬಂದು ಕರಗಿತು. ಕಾಸ್ಟಿಕ್ ಸೋಡಾವನ್ನು ಹೆಂಚು ಕುಡಿದುಬಿಟ್ಟಿತು, ಒಣಗಿದ ಮೇಲೆ ಉಪ್ಪು ಹತ್ತಿಯ ಹಾಗೆ ಎದ್ದು ಬಂತು, ಅದನ್ನು ತೊಳೆಯುವುದರಲ್ಲೇ ಹದಿನೈದು ದಿನ. ಬಾಡಿಗೆಯ ಗ್ರೈಂಡರ್ ಆರು ಹೆಂಚಿನ ಸುಟ್ಟ ಮೇಲ್ಪದರವನ್ನೇ ತಿಂದಿತು. ಅಷ್ಟರಲ್ಲಿ ಸುಮಾರು 9,000 ರೂಪಾಯಿ ಹೋಗಿತ್ತು.

ಥಿನ್ನರ್‌ಗೆ ಸೀಲರ್ ಕರಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಬಟ್ಟೆಯಲ್ಲಿ ಒರೆಸಿದರೆ ಎರಡು ನಿಮಿಷಕ್ಕೆ ಆರಿ ಮತ್ತೆ ಹೆಂಚಿಗೇ ಅಂಟುತ್ತದೆ. ನಾನು ಮಿಲ್ಲಿನಿಂದ ಮರದ ಹುಡಿ ತಂದು, ಥಿನ್ನರ್‌ನಲ್ಲಿ ಅವಲಕ್ಕಿ ನೆನೆಸಿದಷ್ಟು ಒದ್ದೆ ಮಾಡಿ, ಅರ್ಧ ಇಂಚು ದಪ್ಪ ಹರಡಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಹಾಕಿದೆ. ಒಂದು ಸಲಕ್ಕೆ ನಾಲ್ಕಡಿ ಜಾಗ ಮಾತ್ರ. ಮುಕ್ಕಾಲು ಗಂಟೆ ಬಿಟ್ಟು ಪುಟ್ಟಿ ಬ್ಲೇಡ್ ತಳ್ಳಿದರೆ ಸೀಲರ್ ಬೆಲ್ಲದ ಪಾಕದ ಹಾಗೆ ಹುಡಿಗೆ ಅಂಟಿ ಬಂತು, ಅಡಿಯಲ್ಲಿ ಅಜ್ಜನ ಕಾಲದ ಕೆಂಪು! ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ತುಂಬ ಹೊತ್ತು ಕೈಯಾಡಿಸಿದೆ. ಬಾಗಿಲು, ಕಿಟಕಿ ಎಲ್ಲ ತೆರೆದಿರಲಿ, ಒಲೆ ದೀಪ ಯಾವುದೂ ಉರಿಯಬಾರದು, ಹುಡಿಯನ್ನು ಅಂಗಳಕ್ಕೆ ಹಾಕಿ.

ಆಮೇಲೆ ನೆಲದ ತೇವ ಆರುವವರೆಗೆ ಕಾಯುವುದೇ ಕೆಲಸ. ಡಿಸೆಂಬರ್‌ನಲ್ಲಿ ಸೀಲರ್ ಬಿಡಿಸಿದ್ದು, ಎಣ್ಣೆ ಹಾಕಿದ್ದು ಫೆಬ್ರವರಿ ಕೊನೆಗೆ. ರಾತ್ರಿ ಒಂದಡಿ ಪ್ಲಾಸ್ಟಿಕ್ ಅಂಟಿಸಿಡುವುದು, ಬೆಳಿಗ್ಗೆ ಅಡಿಯಲ್ಲಿ ಬೆವರು ಕಂಡರೆ ಇನ್ನೂ ಒಂದು ವಾರ.

ನಡುವೆ ಸುಮ್ನೆ ಮೂಲೆಯಲ್ಲಿ ಬೇರೆ ಎಣ್ಣೆಗಳನ್ನೂ ಹಚ್ಚಿ ನೋಡಿದೆ. ತೆಂಗಿನೆಣ್ಣೆ ಒಣಗುವ ಜಾತಿಯಲ್ಲ, ಇರುವೆ ಸಾಲು ಹಿಡಿಯಿತು. ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆ ಎಣ್ಣೆ ಗಟ್ಟಿಯಾಗಿ ಕೂತಿತು, ಆದರೆ ಕಪ್ಪು, ಕೈಯೂ ಸುಟ್ಟಿತು. ಹೊರಗಿನ ಮೆಟ್ಟಿಲಿಗೆ ಆದೀತು ಅಂತ ಈಗಲೂ ಅನಿಸುತ್ತದೆ.

ಕೊನೆಗೆ ನಿಂತದ್ದು ಡಬಲ್ ಬಾಯಿಲ್ಡ್ (ಬೇಗ ಒಣಗುವ ಹಾಗೆ ಮಾಡಿದ) ಅಗಸೆ ಎಣ್ಣೆ, ಟರ್ಪೆಂಟೈನ್ ಜೊತೆ. ಮೊದಲ ಕೋಟ್ ಅರ್ಧಕ್ಕರ್ಧ. ಇಪ್ಪತ್ತು ನಿಮಿಷದಲ್ಲಿ ಹೆಂಚು ಕುಡಿಯದೆ ಉಳಿಸಿದ್ದನ್ನೆಲ್ಲ ಒರೆಸಿ ತೆಗೆಯಲೇಬೇಕು, ಇಲ್ಲದಿದ್ದರೆ ಅಂಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತುತ್ತದೆ. ನೀರಲ್ಲಿ ಮುಳುಗಿಸಿಡಿ. ಮೂರನೇ ಕೋಟ್‌ಗೆ ಏನು ಸೇರಿಸಿದೆ ಅನ್ನುವುದು ಸದ್ಯ ನನ್ನಲ್ಲೇ ಇರಲಿ.

ಚಾವಡಿ ಸುಮಾರು 400 ಚದರಡಿ. ಥಿನ್ನರ್ 40 ಲೀಟರ್ ಹತ್ತಿರ ಬಂತು. ಎಣ್ಣೆ, ಹುಡಿ, ಇಬ್ಬರ ಕೂಲಿ ಸೇರಿ 20,000 ದಾಟಿರಬಹುದು, ಕಳೆದುಕೊಂಡ 9,000 ಬೇರೆ. ಗ್ರಾನೈಟಿಗೆ ಮೇಸ್ತ್ರಿ ಹೇಳಿದ್ದು ಒಂದು ಲಕ್ಷಕ್ಕೂ ಜಾಸ್ತಿ. ಮೊನ್ನೆ ಅದೇ ಮೇಸ್ತ್ರಿ ಬಂದು ಚಪ್ಪಲಿ ಹೊರಗೆ ಬಿಟ್ಟು ನಡೆದು ನೋಡಿದ, ಬಚ್ಚಲ ಬದಿಯ ನಾಲ್ಕು ಹೆಂಚಿನಲ್ಲಿ ಇನ್ನೂ ಉಪ್ಪು ಇರುವುದನ್ನು ತೋರಿಸಿದ. ಅಲ್ಲಿ ಪೈಪು ಸೋರುತ್ತಿದೆ, ಅದನ್ನು ಸರಿ ಮಾಡಿ ಈ ಡಿಸೆಂಬರಿಗೆ ಮತ್ತೆ ಹುಡಿ ಹಾಕುತ್ತೇನೆ.