ಮೈಯೇ ತಂತಿ: ಎಡಗೈ ನಾಡಿ ಸೆನ್ಸರ್‌ನಿಂದ ಬಲಗೈ ಮಣಿಕಟ್ಟಿಗೆ ಡೇಟಾ

ಎಡಗೈ ಬೆರಳಿನ ನಾಡಿ ಸೆನ್ಸರ್‌ನಿಂದ ಬಲಗೈ ಮಣಿಕಟ್ಟಿನ ರಿಸೀವರ್‌ಗೆ ತಂತಿಯೂ ಬ್ಲೂಟೂತೂ ಇಲ್ಲದೆ, ಮೈ ಮೂಲಕವೇ ಡೇಟಾ ಕಳಿಸಬಹುದು. ಬೇಕಾದ ಸಾಮಾನು ಮುಂಬೈಯಲ್ಲಾದರೆ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯಲ್ಲಾದರೆ ಬುಧವಾರ ಪೇಠೆಯಲ್ಲಿ ಹುಡುಕಿ. ಸಿಗ್ನಲ್ ಹೋಗುವ ದಾರಿ ಸುಲಭದ್ದು, ಚರ್ಮದ ಕೆಳಗೆ ಉಪ್ಪುನೀರೇ ತುಂಬಿದೆ. ಅದು ತಿರುಗಿ ಬರುವ ದಾರಿಯನ್ನು ಹಿಡಿತಕ್ಕೆ ತರುವುದರಲ್ಲೇ ಮುಕ್ಕಾಲು ಪಾಲು ಶ್ರಮ ಹೋಗುತ್ತದೆ.

ಯೋಚನೆ ಹಳೆಯದು. ಎಂಐಟಿಯ ಥಾಮಸ್ ಝಿಮ್ಮರ್‌ಮನ್ 1990ರ ದಶಕದ ಮಧ್ಯದಲ್ಲೇ ಸುಮಾರು 330 ಕಿಲೋಹರ್ಟ್ಸ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದರು. 2012ರ ಐಇಇಇ (ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ) 802.15.6 ಮಾನಕ ಇದಕ್ಕೆಂದು 21 ಮೆಗಾಹರ್ಟ್ಸ್ ಗೊತ್ತುಮಾಡಿತು. ನಾನು ಆರಿಸಿಕೊಂಡದ್ದು 455 ಕಿಲೋಹರ್ಟ್ಸ್. ಎಎಂ ರೇಡಿಯೋಗಳು ಒಳಗೆ ಬಳಸುವ ಮಧ್ಯಂತರ ಆವರ್ತನ (ಐಎಫ್) ಅದೇ ಆದ್ದರಿಂದ, ಅದರ ಆಸುಪಾಸಿನದನ್ನಷ್ಟೇ ಬಿಡುವ ಸೆರಾಮಿಕ್ ಫಿಲ್ಟರ್ ಅಗ್ಗಕ್ಕೆ ಸಿಗುತ್ತದೆ. ಆಕಾಶವಾಣಿಯ ಮೀಡಿಯಂ ವೇವ್ ಕೇಂದ್ರಗಳೂ ಇದರ ಮೇಲೆ ಬರುವುದಿಲ್ಲ. ಇದರ ತರಂಗಾಂತರ ಸುಮಾರು 660 ಮೀಟರ್. ಅದರ ಮುಂದೆ ಮೈ ತೀರಾ ಗಿಡ್ಡ, ಆಂಟೆನಾ ಆಗಲಾರದು. ಹಾಗಾಗಿ ಸಿಗ್ನಲ್ ಕೋಣೆ ತುಂಬ ಹರಡದೆ ಮೈಯ ಸುತ್ತಲೇ ಉಳಿಯುತ್ತದೆ.

ಈಗ ಮುಖ್ಯ ಸಂಗತಿ. ಟ್ರಾನ್ಸ್‌ಮಿಟರ್‌ನ ಸಿಗ್ನಲ್ ತಗಡು ಚರ್ಮಕ್ಕೆ ತಾಗಿರುತ್ತದೆ, ಗ್ರೌಂಡ್ ತಗಡು ಹೊರಗಡೆ ಗಾಳಿಗೆ ಮುಖ ಮಾಡಿರುತ್ತದೆ. ಸರ್ಕ್ಯೂಟ್ ಮುಚ್ಚುವುದು ಆ ಹೊರ ತಗಡಿಗೂ ನೆಲಕ್ಕೂ ನಡುವಿನ ಪುಟ್ಟ ಕೆಪಾಸಿಟನ್ಸ್ (ತಾಗದೆಯೇ ಗಾಳಿಯ ಮೂಲಕ ಬೆಸೆಯುವ ಗುಣ) ಮೂಲಕ, ಹೆಚ್ಚೆಂದರೆ 1 ಪಿಕೋಫ್ಯಾರಡ್. ಮೈಗೂ ನೆಲಕ್ಕೂ ನಡುವೆ ಸುಮಾರು 150. ಅಂದರೆ 3.3 ವೋಲ್ಟ್ ಕೊಟ್ಟರೆ ಮೈ ಮೇಲೆ ಏಳುವುದು 22 ಮಿಲಿವೋಲ್ಟ್ ಅಷ್ಟೇ. ರಿಸೀವರ್‌ಗೂ ಅದೇ ಗತಿ: ಅದರ ಇನ್‌ಪುಟ್ 10 ಪಿಕೋಫ್ಯಾರಡ್ ಇದ್ದರೆ ಕೈಗೆ ಸಿಗುವುದು 2 ಮಿಲಿವೋಲ್ಟ್. ಇನ್‌ಪುಟ್‌ಗೆ 50 ಓಮ್ ಹಾಕಿದರೆ ಏನೂ ಉಳಿಯುವುದಿಲ್ಲ, ಏಕೆಂದರೆ 455ರಲ್ಲಿ 1 ಪಿಕೋಫ್ಯಾರಡ್ ಎಂದರೆ 350 ಕಿಲೋಓಮ್. ಮೈಯಲ್ಲಿ ಹರಿಯುವ ಕರೆಂಟ್ 10 ಮೈಕ್ರೋಆಂಪ್ ಒಳಗೇ. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ ಈ ಆವರ್ತನದಲ್ಲಿ ಸಾರ್ವಜನಿಕರಿಗೆ ಹೇಳಿರುವ ಸ್ಪರ್ಶ ಕರೆಂಟಿನ ಮಟ್ಟ 20 ಮಿಲಿಆಂಪ್. ಹಾಗಿದ್ದರೂ ಪೇಸ್‌ಮೇಕರ್ ಇರುವವರ ಮೇಲೆ ಇದನ್ನು ಕಟ್ಟಲೇಬೇಡಿ.

ಟ್ರಾನ್ಸ್‌ಮಿಟರ್‌ಗೆ ನಾಡಿ ಅಳೆಯುವ ಮ್ಯಾಕ್ಸ್30102 ಮಾಡ್ಯೂಲ್, ರಾಸ್‌ಬೆರಿ ಪೈ ಪಿಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು, ಒಂದು ಲಿಥಿಯಂ ಪಾಲಿಮರ್ ಸೆಲ್. ಕೆಲವು ಅಗ್ಗದ ಮ್ಯಾಕ್ಸ್30102 ಬೋರ್ಡುಗಳು ಐ2ಸಿ ಗೆರೆಗಳನ್ನು (ಸೆನ್ಸರ್ ಮತ್ತು ಪಿಕೊ ಮಾತಾಡುವ ಎರಡು ತಂತಿ) 1.8 ವೋಲ್ಟಿಗೆ ಎಳೆದಿರುತ್ತವೆ. ಅದನ್ನು ‘1’ ಎಂದು ಗುರುತಿಸಲು ಪಿಕೊಗೆ ಕನಿಷ್ಠ 2 ವೋಲ್ಟ್ ಬೇಕು, ಹಾಗಾಗಿ ಸೆನ್ಸರ್ ಒಮ್ಮೆ ಕಾಣಿಸಿ ಒಮ್ಮೆ ಮಾಯವಾಗುತ್ತದೆ. ಬೋರ್ಡಿನಲ್ಲಿ ಹೀಗೆ ಎಳೆಯುವ ಪುಲ್-ಅಪ್ ರೆಸಿಸ್ಟರ್‌ಗಳನ್ನು ಕಿತ್ತು, 3.3 ವೋಲ್ಟಿಗೆ 4.7 ಕಿಲೋಓಮ್ ಎರಡು ಹಾಕಿ. ಪಿಕೊದ 125 ಮೆಗಾಹರ್ಟ್ಸ್ ಗಡಿಯಾರಕ್ಕೆ ಪಿಡಬ್ಲ್ಯೂಎಂ (ಪಿನ್ ಅನ್ನು ಆನ್-ಆಫ್ ಮಾಡುವ ಎಣಿಕೆ) ಮಿತಿ 274 ಕೊಟ್ಟರೆ 454.5 ಕಿಲೋಹರ್ಟ್ಸ್ ಬರುತ್ತದೆ, ಅರ್ಧ ಹೊತ್ತು ಆನ್ ಇರಲು ಮಟ್ಟ 137. ಬಿಟ್‌ಗೆ ತಕ್ಕಂತೆ ಮಟ್ಟವನ್ನು 137 ಅಥವಾ 0 ಮಾಡಿದರೆ ಮಾಡ್ಯುಲೇಷನ್ ಮುಗಿಯಿತು. ಪಿನ್‌ಗೂ ತಗಡಿಗೂ ನಡುವೆ 1 ಕಿಲೋಓಮ್ ಮತ್ತು 1 ನ್ಯಾನೋಫ್ಯಾರಡ್ ಸರಣಿಯಲ್ಲಿ ಇರಲೇಬೇಕು. ಬೆವರಿದ ಚರ್ಮದ ಮೇಲೆ ಡಿಸಿ ನಿಂತರೆ ಚರ್ಮ ಸುಡುತ್ತದೆ, ತಾಮ್ರವೂ ಕೊಳೆಯುತ್ತದೆ.

ಚರ್ಮದ ಕಡೆ 2×3 ಸೆಂಟಿಮೀಟರ್ ತಾಮ್ರದ ಟೇಪ್ ಸಾಕು. ಜೆಲ್ ಬೇಡ. ತೆಳು ಬಟ್ಟೆ ಅಡ್ಡ ಬಂದರೂ ಕೆಲವು ಕಿಲೋಓಮ್ ಕೂಡುತ್ತದೆ, ತಿರುಗಿ ಬರುವ ದಾರಿಯ 350 ಕಿಲೋಓಮ್ ಮುಂದೆ ಅದು ಲೆಕ್ಕಕ್ಕಿಲ್ಲ. ಹೊರಗಿನ ಗ್ರೌಂಡ್ ತಗಡು 4 ಸೆಂಟಿಮೀಟರ್ ಅಗಲ, ಮಧ್ಯೆ 5 ಮಿಲಿಮೀಟರ್ ಫೋಮ್.

ರಿಸೀವರ್ ಮೊದಲ ಹಂತ ಜೆ310 ಟ್ರಾನ್ಸಿಸ್ಟರ್‌ನ ಸೋರ್ಸ್ ಫಾಲೋವರ್, ಅಂದರೆ ಸಿಗ್ನಲ್ಲಿಗೆ ಹೊರೆಯಾಗದೆ ಮುಂದಕ್ಕೆ ದಾಟಿಸುವ ಹಂತ. ತಗಡಿನಿಂದ ಗೇಟಿಗೆ 10 ಪಿಕೋಫ್ಯಾರಡ್, ಗೇಟಿನಿಂದ ಗ್ರೌಂಡಿಗೆ 1 ಮೆಗಾಓಮ್. ಇಲ್ಲಿ 10 ಮೆಗಾಓಮ್ ಹಾಕುವ ಆಸೆಯಾಗುತ್ತದೆ, ಹಾಕಬೇಡಿ: 1 ಮೆಗಾಓಮ್ ಇದ್ದರೆ 16 ಕಿಲೋಹರ್ಟ್ಸ್ ಕೆಳಗಿನದೆಲ್ಲ ಸೋಸಿಹೋಗುತ್ತದೆ, ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವುದು ಗೇಟಿನವರೆಗೆ ಬಹುಮಟ್ಟಿಗೆ ಬರುವುದಿಲ್ಲ. ನಂತರ 455 ಸೆರಾಮಿಕ್ ಫಿಲ್ಟರ್, ಎರಡೂ ತುದಿಗೆ 1.5 ಕಿಲೋಓಮ್ ಆಸುಪಾಸು. ಆಮೇಲೆ ಟಿಎ7642 ಎಂಬ ಮೂರು ಕಾಲಿನ ಎಎಂ ರೇಡಿಯೋ ಚಿಪ್. ಸರಣಿಯಲ್ಲಿ ಎರಡು 1ಎನ್4148 ಡಯೋಡ್ ಇಟ್ಟು ಅದಕ್ಕೆ 1.4 ವೋಲ್ಟ್ ಕೊಡಿ. ಔಟ್‌ಪುಟ್‌ನಲ್ಲಿ ರೂಢಿಯ 100 ನ್ಯಾನೋಫ್ಯಾರಡ್ ಬದಲು 47 ಹಾಕಿ, ಇಲ್ಲವಾದರೆ ಬಿಟ್‌ಗಳ ಅಂಚು ಕರಗುತ್ತದೆ. ಕೊನೆಗೆ ಸಿಗ್ನಲ್ಲನ್ನು 0 ಅಥವಾ 1 ಮಾಡುವ ಎಲ್‌ಎಂ393 ಕಂಪ್ಯಾರೇಟರ್, ಇನ್ನೊಂದು ಪಿಕೊ. ಟಿಎ7642ರಲ್ಲಿ ತಾನಾಗಿ ಗೇನ್ ಏರಿಳಿಸುವ ವ್ಯವಸ್ಥೆ ಇದೆ. ಸೊನ್ನೆಗಳು ಸಾಲಾಗಿ ಬಂದರೆ ಅದು ಗೇನ್ ಏರಿಸಿ ಗದ್ದಲವನ್ನೇ ಬಿಟ್ ಎಂದು ಕೊಡುತ್ತದೆ. ಅದಕ್ಕಾಗಿ ಪ್ರತಿ ಬಿಟ್‌ನ ನಡುವೆಯೂ ಸಿಗ್ನಲ್ ಬದಲಾಗುವ ಮ್ಯಾಂಚೆಸ್ಟರ್ ಕೋಡಿಂಗ್ ಕಡ್ಡಾಯ. ಸೆಕೆಂಡಿಗೆ 25 ಮಾದರಿ, 16 ಬಿಟ್‌ನಂತೆ 400 ಬಿಟ್. ತಲೆಬರಹ, ಸಾಧನದ ಸಂಖ್ಯೆ, ಸಿಆರ್‌ಸಿ (ತಪ್ಪು ಹಿಡಿಯುವ ಪರೀಕ್ಷಾ ಸಂಖ್ಯೆ) ಸೇರಿದರೂ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಆರಾಮವಾಗಿ ಹಿಡಿಯುತ್ತದೆ.

ಅಳೆಯುವಾಗ ಎರಡೂ ಕಡೆ ಬ್ಯಾಟರಿ ಮಾತ್ರ ಇರಲಿ. ರಿಸೀವರ್ ಪಿಕೊವನ್ನು ಚಾರ್ಜರ್ ಹಾಕಿದ ಲ್ಯಾಪ್‌ಟಾಪಿಗೆ ಜೋಡಿಸಿದರೆ, ಅಥವಾ ಗೋಡೆಯ ಪ್ಲಗ್ಗಿನ ಆಸಿಲೋಸ್ಕೋಪ್ ಪ್ರೋಬ್ ಹಚ್ಚಿದರೆ, ಗ್ರೌಂಡ್ ನೆಲಕ್ಕೆ ಕಟ್ಟಿಕೊಳ್ಳುತ್ತದೆ. ಸಿಗ್ನಲ್ ಹತ್ತು ಪಟ್ಟಿನಷ್ಟು ದೊಡ್ಡದಾಗಿ ಕಾಣಿಸುತ್ತದೆ, ಕೇಬಲ್ ಕಿತ್ತ ಕೂಡಲೇ ಲಿಂಕ್ ಸಾಯುತ್ತದೆ. ಮೈಗೆ ಕಟ್ಟಿದ್ದನ್ನು ಮೇನ್ಸ್‌ಗೆ ಜೋಡಿಸುವುದು ಅಪಾಯವೂ ಹೌದು. ಡೇಟಾವನ್ನು ಪಿಕೊದ ಫ್ಲ್ಯಾಶ್‌ನಲ್ಲೇ ಬರೆದಿಟ್ಟು ಆಮೇಲೆ ಬಿಚ್ಚಿ ಓದಿ.

ಫೋನ್ ಚಾರ್ಜ್ ಆಗುತ್ತಿರುವಾಗ ಅದನ್ನು ಹಿಡಿದರೆ ಸಿಆರ್‌ಸಿ ತಪ್ಪುಗಳು ಸುರಿಯುತ್ತವೆ. ಬಹಳಷ್ಟು ಚಾರ್ಜರ್‌ಗಳು 65 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡುತ್ತವೆ. 65ರ ಏಳನೇ ಹಾರ್ಮೋನಿಕ್, ಅಂದರೆ ಅದರ ಏಳು ಪಟ್ಟಿನ ಆವರ್ತನ, ಸರಿಯಾಗಿ 455. ಫಿಲ್ಟರ್ ಇದಕ್ಕೆ ಏನೂ ಮಾಡಲಾರದು, ಚಾರ್ಜರ್‌ನಿಂದ ದೂರವಿರುವುದೊಂದೇ ದಾರಿ.

ಮುಂಬೈ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಚರ್ಮ ಒದ್ದೆಯಾದರೆ ಚಿಂತೆಯಿಲ್ಲ, ಆದರೆ ಅಂಗಿಯ ಒದ್ದೆ ತೋಳು ಅಥವಾ ಬೆವರು ಕುಡಿದ ಫೋಮ್ ಗ್ರೌಂಡ್ ತಗಡನ್ನು ಚರ್ಮಕ್ಕೆ ಸೇರಿಸಿದರೆ ಮೈ ಮೇಲೆ ವೋಲ್ಟೇಜೇ ಏಳುವುದಿಲ್ಲ. ನೀರು ಹೀರದ ಮುಚ್ಚುಕೋಶದ ಫೋಮ್ ಬಳಸಿ, ತಗಡಿನ ಅಂಚಿಗೆ ನೇಲ್ ಪಾಲಿಶ್ ಎರಡು ಪದರ ಬಳಿಯಿರಿ.

ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿಗೆ ನಿಂತು ಹೋಗುವಾಗ ಬೋಗಿಯ ಉಕ್ಕಿನ ಕಂಬ ಹಿಡಿದರೆ ಮೈ ಇಡೀ ಬೋಗಿಗೆ ಕಟ್ಟಿಕೊಂಡು ಸಿಗ್ನಲ್ ಕುಸಿಯುತ್ತದೆ. ಪಕ್ಕದವರ ಕೈ ತಾಗಿದರೂ ಸ್ವಲ್ಪ ಅವರ ಮೈಗೆ ಹರಿಯುತ್ತದೆ. ಅವರೂ ಇಂಥದ್ದೇ ಕಟ್ಟಿದ್ದರೆ ಎಂದೇ ಪ್ಯಾಕೆಟ್‌ನಲ್ಲಿ ಸಾಧನದ ಸಂಖ್ಯೆ. ರಿಸೀವರ್‌ನಿಂದ ಉತ್ತರ ಬರದ ಏಕಮುಖ ಲಿಂಕ್ ಇದು. ಕಂಬ ಹಿಡಿದ ಹೊತ್ತಿನ ಅಂತರ ತುಂಬಲು ಟ್ರಾನ್ಸ್‌ಮಿಟರ್ ಪ್ರತಿ ಪ್ಯಾಕೆಟ್ಟನ್ನು 2 ಸೆಕೆಂಡ್ ಬಿಟ್ಟು ಇನ್ನೊಮ್ಮೆ ಕಳಿಸುತ್ತದೆ, ರಿಸೀವರ್ ಕ್ರಮಸಂಖ್ಯೆ ನೋಡಿ ಎರಡನೆಯದನ್ನು ಬಿಸಾಡುತ್ತದೆ. 1200 ಬಿಟ್‌ನ ವೇಗದಲ್ಲಿ ಇಷ್ಟಕ್ಕೆ ಜಾಗವಿದೆ, ಮೂರನೇ ಸಲಕ್ಕೆ ಇಲ್ಲ.