ಎಚ್‌ಐವಿ ಸೋಂಕಿನ ಮೊದಲ ವಾರಗಳು: ಯಾವಾಗ ಯಾವ ಪರೀಕ್ಷೆ?

ಅಪಾಯದ ಸಂಪರ್ಕವಾಗಿ 72 ಗಂಟೆ ಕಳೆದಿಲ್ಲವಾದರೆ ಮೊದಲು ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಜಿಲ್ಲಾಸ್ಪತ್ರೆಗೆ ಹೋಗಿ ಸೋಂಕು ತಗಲದಂತೆ ತಡೆಯುವ ‘ಪೆಪ್’ ಮಾತ್ರೆ ವಿಚಾರಿಸಿ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು; 28 ದಿನ ತಪ್ಪದೆ ನುಂಗಬೇಕು. ಸಹಾಯವಾಣಿ 1097.

ಆ ಅವಧಿ ಮೀರಿದ್ದರೆ ದಿನಗಳ ಲೆಕ್ಕ ಇಟ್ಟುಕೊಳ್ಳಿ. ಮೊದಲ ಹತ್ತು ದಿನ ಯಾವ ಪರೀಕ್ಷೆಗೂ ವೈರಸ್ ಸಿಗದು. ಆಮೇಲೆ ಅದು ಭರ್ರನೆ ಏರುತ್ತದೆ. ಮೂರು-ನಾಲ್ಕನೇ ವಾರದಲ್ಲಿ ಅದನ್ನು ತಗ್ಗಿಸುವುದು ಮುಖ್ಯವಾಗಿ ಸಿಡಿ8 ಎಂಬ ರೋಗನಿರೋಧಕ ಕೋಶಗಳು. ವೈರಸ್ಸನ್ನು ಕಟ್ಟಿಹಾಕಬಲ್ಲ ಪ್ರತಿಕಾಯಗಳು ಬರುವುದು ತಿಂಗಳುಗಳ ನಂತರ. ಅಷ್ಟರಲ್ಲಿ ವೈರಸ್ ವೇಷ ಬದಲಿಸಿರುತ್ತದೆ, ಸಿಡಿ4 ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಲ್ಲಿ ಅಡಗಿಯೂ ಕೂತಿರುತ್ತದೆ. ಹಾಗಾಗಿ ಈ ಮೊದಲ ವಾರಗಳಲ್ಲಿ ಬರಬಹುದಾದ ಜ್ವರ ಬಿಟ್ಟಿತೆಂದರೆ ಸೋಂಕು ಹೋಯಿತೆಂದಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಈ ಜ್ವರವನ್ನು ಡೆಂಗಿ, ಮಲೇರಿಯಾ, ಇಲಿಜ್ವರ ಎಂದುಕೊಳ್ಳುವುದು ಸುಲಭ. ಸಂಪರ್ಕದ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿ.

ವೈರಸ್ಸಿನ ಅಂಶ, ಪ್ರತಿಕಾಯ ಎರಡನ್ನೂ ಹುಡುಕುವ ‘ನಾಲ್ಕನೇ ತಲೆಮಾರಿನ’ ಪ್ರಯೋಗಾಲಯ ಪರೀಕ್ಷೆ 18ರಿಂದ 45 ದಿನಗಳೊಳಗೆ ಸೋಂಕನ್ನು ಪತ್ತೆಹಚ್ಚುತ್ತದೆ. ಬೆರಳು ಚುಚ್ಚಿ ಮಾಡುವ ಪರೀಕ್ಷೆಗೆ 90 ದಿನವೂ ಬೇಕಾದೀತು. ಮೊದಲೇ ‘ನೆಗೆಟಿವ್’ ಬಂದರೆ ಮತ್ತೊಮ್ಮೆ ಮಾಡಿಸಿ. ಅಲ್ಲಿಯತನಕ ಕಾಂಡೋಮ್ ಬಿಡಬೇಡಿ, ಏಕೆಂದರೆ ಈ ವಾರಗಳಲ್ಲೇ ಸೋಂಕು ಹರಡುವ ಸಾಧ್ಯತೆ ಹೆಚ್ಚು. ಪೆಪ್ ನುಂಗಿದವರು ಅದು ಮುಗಿದ ಮೇಲೂ ಪರೀಕ್ಷಿಸಿಕೊಳ್ಳಬೇಕು.

ಪಾಸಿಟಿವ್ ಖಚಿತವಾದರೆ ಸಿಡಿ4 ಎಣಿಕೆ ಇಳಿಯಲಿ ಎಂದು ಕಾಯದೆ ವೈರಸ್ಸನ್ನು ಅದುಮಿಡುವ ಎಆರ್‌ಟಿ ಮಾತ್ರೆ ಆರಂಭಿಸಿ. ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಅದು ಉಚಿತ.